ಟ್ರಾಕ್ಟರ್ ಬ್ಯಾಟರಿಗೆ ಮೊಬೈಲ್ ಕಟ್ಟಿದ ಭಾವ

ಗೆಳೆಯರೇ, ಮಹಾಜಾಣರನ್ನು ನೋಡಬೇಕಾದರೆ ದೇವಸಮುದ್ರಕ್ಕೆ, ನಮ್ಮಕ್ಕನ ಮನೆಗೆ ಬನ್ನಿ. ಇವತ್ತು ಬೆಳಗಿನಿಂದ ಇಲ್ಲಿ ಕರೆಂಟಿಲ್ಲ. ಚಳ್ಳಕೆರೆ ಆಸ್ಪತ್ರೆಯಲ್ಲಿ ಅಕ್ಕನ ಮಗಳಿಗೆ ಎರಡನೇ ಹೆರಿಗೆ. ಅಳಿಯ ಫೋನ್ ಮಾಡುವುದು ಅಕ್ಕನ ನಂಬರಿಗೆ. ಅವಳ ಮೊಬೈಲೋ, ಚಾರ್ಜ್ ಮುಗಿದು ಸತ್ತಿತ್ತು.

"ನಿನ್ನ ಸಿಮ್ ನನ್ನ ಫೋನಿಗೆ ಹಾಕೋಣಕ್ಕ" ಎಂದೆ. ಭಾವನಿಗೆ ಅದು ಅವಮಾನ. ಚಾರ್ಜರಿನ ವೈರು ಕತ್ತರಿಸಿ ಸೀದಾ ಟ್ರಾಕ್ಟರಿನ ಬ್ಯಾಟರಿಗೆ ಸುತ್ತಿದರು.

"ಬ್ಯಾಡ್ರಿ ಭಾವ, ಇದು ಹನ್ನೆರಡು ವೋಲ್ಟು. ಮೊಬೈಲಿಗೆ ಐದೇ ಸಾಕು."

"ಕರೆಂಟಿಗೇನು ಜಾತಿ ಐತೇನಲೇ? ಜಾಸ್ತಿ ಇದ್ರೆ ಬೇಗ ತುಂಬ್ತೈತೆ!"

ಬೇಗನೇ ತುಂಬಿತು, ಸುಟ್ಟ ವಾಸನೆ, ಅಂಗಳದ ತುಂಬ. ಅಕ್ಕ ವೈರು ಕಿತ್ತೆಸೆದು, "ಮಗಳ ಸುದ್ದಿ ಈಗ ಹೆಂಗ್ ತಿಳೀಬೇಕ್ರಿ?" ಎಂದು ಅತ್ತೇಬಿಟ್ಟಳು. ನಾನು ಅವಳ ಸಿಮ್ ತೆಗೆದು ನನ್ನ ಫೋನಿಗೆ ಹಾಕಿದೆ. ಸ್ವಲ್ಪ ಹೊತ್ತಿಗೇ ಅಳಿಯನ ಕರೆ ಬಂತು: "ಹೆಣ್ಣು ಮಗು ಅತ್ತೆ, ಇಬ್ರೂ ಚೆನ್ನಾಗಿದಾರೆ."

ಅಕ್ಕ ಕಣ್ಣೊರೆಸಿಕೊಂಡು ದೇವರಿಗೆ ದೀಪ ಹಚ್ಚಲು ಒಳಗೆ ಓಡಿದಳು. ಭಾವ ಮಾತ್ರ ಮೊಬೈಲಿನ ಊದಿಕೊಂಡ ಬ್ಯಾಟರಿಯನ್ನು ಹೊರತೆಗೆದು ನನಗೆ ತೋರಿಸಿದರು: "ನೋಡಲೇ, ಫುಲ್ ಆಗಿದ್ದಕ್ಕೇ ಉಬ್ಬೈತೆ."

ಉಬ್ಬಿದ್ದು ಬ್ಯಾಟರಿಯೊಂದೇ ಅಲ್ಲ ಬಿಡಿ.