ಸಮಾ ಹೇಳು

ನನ್ನ ನಾಲಿಗೆಗೆ ‘ಸ’ ಬರುವುದಿಲ್ಲ. ಐವತ್ತು ದಾಟಿದರೂ ಹಲ್ಲಿನ ನಡುವೆ ನಾಲಿಗೆ ತೂರಿ ಅದು ‘ಥ’ ಆಗುತ್ತದೆ. ಶಿರಸಿಯಲ್ಲಿ ಸಂಸಾರ ಮಾಡುವವಳಿಗೆ ಊರಿನ ಹೆಸರು ಹೇಳುವುದೇ ಒಂದು ಶಿಕ್ಷೆ. ಚಿಕ್ಕವಳಿದ್ದಾಗ ಅಮ್ಮ ದಿನಾ ಬೆಳಿಗ್ಗೆ ಬಜೆಯ ಬೇರನ್ನು ಜೇನಿನಲ್ಲಿ ತೇಯ್ದು ನನ್ನ ನಾಲಿಗೆಗೆ ಹಚ್ಚುತ್ತಿದ್ದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತೇ ಹೊರತು ‘ಸ’ ಬರಲಿಲ್ಲ.

ಅಪ್ಪ ಭೈರುಂಬೆಯ ಕಡೆ ಶಾಲೆ ಮಾಸ್ತರು. ಬಾಯಿತುಂಬ ಎಲೆ, ಅಡಿಕೆ, ತಂಬಾಕಿನ ಕವಳ ಇದ್ದರೂ ಒಂದಕ್ಷರ ತಪ್ಪದ ಮನುಷ್ಯ. ಮನೆಗೆ ಯಾರೇ ಬರಲಿ, ‘ಆಸ್ರಿಗೆ ಎಂತ ಅಡ್ಡಿಲ್ಲೆ’ ಎಂದು ಕೇಳಬೇಕಲ್ಲ, ಕುಡಿಯಲು ಏನು ಕೊಡಲಿ ಎಂದು. ಆ ಕೆಲಸವನ್ನು ಅಪ್ಪ ನನಗೇ ವಹಿಸಿದ್ದ, ಬೇಕೆಂದೇ. ಬಿಸಿಲಲ್ಲಿ ನಡೆದುಬಂದವರು ಬಾಯಾರಿ ಕೂತಿರುವಾಗಲೇ, “ಸಮಾ ಹೇಳು ಕೂಸೆ. ಇನ್ನೊಂದ್ ಸಲ,” ಅನ್ನುತ್ತಿದ್ದ. ಮೂರು ಸಲ, ನಾಲ್ಕು ಸಲ. ಬಂದವರು ಮುದ್ದಾಗಿದೆ ಎಂದು ನಗುತ್ತಿದ್ದರು. ನಾನು ದೊಡ್ಡವಳಾದ ಮೇಲೆ ಮುದ್ದು ಹೋಯಿತು, ನಗು ಉಳಿಯಿತು.

ಎರಡು ವರ್ಷದ ಹಿಂದೆ ಅಪ್ಪನ ನಾಲಿಗೆಯಲ್ಲಿ ಹುಣ್ಣಾಯಿತು, ಅದೇ ಕವಳದಿಂದ. ಹುಬ್ಬಳ್ಳಿಯಲ್ಲಿ ಅರ್ಧ ನಾಲಿಗೆ ತೆಗೆದರು. ಅಮ್ಮ ಮೊದಲೇ ತೀರಿಕೊಂಡಿದ್ದರಿಂದ ನನ್ನ ಮನೆಗೆ ಕರೆತಂದೆ. ಅವನ ಮಾತು ನನ್ನ ಗಂಡನಿಗೂ ತಿಳಿಯುತ್ತಿರಲಿಲ್ಲ, ಡಾಕ್ಟರಿಗೂ ತಿಳಿಯುತ್ತಿರಲಿಲ್ಲ. ನನಗೊಬ್ಬಳಿಗೇ ತಿಳಿಯುತ್ತಿತ್ತು. ಮುರಿದ ಅಕ್ಷರಗಳ ಜೊತೆಗೇ ಬೆಳೆದವಳಲ್ಲವೇ ನಾನು. ಅವನು ಹೇಳಿದ್ದನ್ನು ಬಂದವರಿಗೆಲ್ಲ ಬಿಡಿಸಿ ಹೇಳುವಾಗ ಒಳಗೊಳಗೇ, ಮಾಡಿದ್ದನ್ನು ಉಣ್ಣಲಿ ಅನ್ನಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಒಂದು ಮಧ್ಯಾಹ್ನ ಪಾತ್ರೆ ತೊಳೆದು, ಸೊಂಟ ಹಿಡಿದುಕೊಂಡು ಕೂತಿದ್ದೆ. ಮಂಚದ ಮೇಲಿಂದ ಅಪ್ಪ ಆಸ್ರಿಗೆ ಕೇಳಿದ. ಅದರಲ್ಲಿ ‘ಸ’ ಇರಲಿಲ್ಲ, ‘ರ’ವೂ ಇರಲಿಲ್ಲ, ಬರೀ ಗಾಳಿ ಮತ್ತು ಜೊಲ್ಲು. ನನಗೆ ಅರ್ಥವಾಗಿತ್ತು. ಮಜ್ಜಿಗೆ ಲೋಟ ಕೈಗೆಟುಕುವಷ್ಟು ಹತ್ತಿರ ಇತ್ತು.

“ಗೊತ್ತಾಗ್ತಿಲ್ಲೆ ಅಪ್ಪಯ್ಯ. ಸಮಾ ಹೇಳು,” ಅಂದೆ. ನನ್ನ ಬಾಯಲ್ಲಿ ಅದು ‘ಥಮಾ’ ಆಯಿತು.

ಅವನು ಮತ್ತೆ ಹೇಳಿದ. ಇನ್ನೊಂದ್ ಸಲ ಅಂದೆ. ಮೂರನೆಯ ಸಲ ಕುತ್ತಿಗೆಯ ನರ ಉಬ್ಬಿಸಿ ಹೇಳಲು ಹೊರಟವನು ನಡುವೆ ನಿಲ್ಲಿಸಿ ನನ್ನ ಮುಖ ನೋಡಿದ. ಅವನಿಗೆ ಗೊತ್ತಾಯಿತು. ಗೋಡೆಯ ಕಡೆ ತಿರುಗಿ ಮಲಗಿದ. ಲೋಟ ಹಿಡಿದು ಎಷ್ಟು ಹೊತ್ತು ನಿಂತರೂ ಈ ಕಡೆ ತಿರುಗಲಿಲ್ಲ.

ಆಮೇಲೆ ಇಪ್ಪತ್ತು ದಿನ ಬದುಕಿದ್ದ. ಬೇಕಾದ್ದನ್ನು ಬೆರಳಲ್ಲಿ ತೋರಿಸಿದ. ತಪ್ಪಾಯಿತು ಅನ್ನಲು ನನಗೆ ಇಪ್ಪತ್ತು ದಿನ ಇತ್ತು, ಅನ್ನಲಿಲ್ಲ.

ಸೂತಕದಲ್ಲಿ ಮಾತಾಡಿಸಲು ಹೇರೂರಿನಿಂದ ಸೋದರತ್ತೆ ಬಂದಳು. ಏನೂ ಕೇಳದೆ ಅವಳ ಮುಂದೆ ನೀರು, ಬೆಲ್ಲ ಇಟ್ಟೆ. ಅವನ ಮಾತು ನನಗೊಬ್ಬಳಿಗೇ ತಿಳಿಯುತ್ತಿತ್ತೆಂದು ಯಾರೋ ಅವಳಿಗೆ ಹೇಳಿದ್ದರು.

“ಕಡಿಗೆ ಅಣ್ಣಯ್ಯ ಎಂತ ಹೇಳ್ದ?” ಎಂದು ಕೇಳಿದಳು.

“ಎಂತೂ ಹೇಳಿದ್ನಿಲ್ಲೆ,” ಅಂದೆ.

ಆ ಮಾತಿನಲ್ಲಿ ಒಂದೂ ‘ಸ’ ಇರಲಿಲ್ಲ. ಸ್ಪಷ್ಟವಾಗಿಯೇ ಬಂತು.