ಯಂಕಂಚಿಯ ಎರಡು ಗೂಟಗಳು

ಯಂಕಂಚಿಯ ಹೊಲದಲ್ಲಿ ಆ ಗೂಟವನ್ನು ಕಿತ್ತು ಬೇರೆ ಕಡೆ ನೆಟ್ಟವಳು ನಾನು. ಇದೊಂದು ಮಾತು ಖಚಿತ. ಉಳಿದ ವಿವರಗಳಲ್ಲಿ ಕೆಲವನ್ನು ತಪ್ಪಾಗಿ ನೆನೆಯುತ್ತಿರಬಹುದು — ವರ್ಷ ಎಪ್ಪತ್ತಮೂರೋ ಎಪ್ಪತ್ತನಾಲ್ಕೋ, ಹೊಲದಲ್ಲಿ ಉಳಿದಿದ್ದದ್ದು ಜೋಳದ ಕೂಳೆಯೋ ತೊಗರಿಯದೋ... ಆಗ ದಿನಚರಿ ಬರೆಯುತ್ತಿದ್ದೆ. ಆ ದಿನದ ಪುಟದಲ್ಲಿ ‘ಬಿಸಿಲು ಬಹಳ. ಯಂಕಂಚಿಗೆ ಹೋಗಿ ಬಂದೆ’ ಎಂದಷ್ಟೇ ಇದೆ. ನನ್ನ ದಿನಚರಿಗೂ ಹೇಳಲಾರದೆ ಹೋದದ್ದನ್ನು ಈಗ ನಿಮಗೆ ಹೇಳುತ್ತಿದ್ದೇನೆ.

ಧಾರವಾಡದಲ್ಲಿ ಎಂ.ಎಸ್ಸಿ ಮುಗಿಸಿ ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನನ್ನ ಸೋದರಮಾವ ಗುರುನಾಥ, ಇಂಜಿನಿಯರರ ಸಂಘದ ಕಾರ್ಯದರ್ಶಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ — ಈ ನಾಲ್ಕೂ ತಾಲ್ಲೂಕುಗಳಲ್ಲಿ ನೀರಿನ ಕೆಲಸದವರ ಮೂರು ಸಂಘಗಳಿದ್ದವು: ಇಂಜಿನಿಯರರದು, ಬಾವಿ ತೋಡುವವರದು, ಪಂಪು ರಿಪೇರಿಯವರದು. ಬಾವಿ ಬತ್ತಿದರೆ ಇಂಜಿನಿಯರ್ ತೋಡಿದವನನ್ನು ಬೈಯುತ್ತಿದ್ದ, ತೋಡಿದವನು ಪಂಪಿನವನನ್ನು, ಪಂಪಿನವನು ಇಬ್ಬರನ್ನೂ. ಮೂವರನ್ನೂ ಒಟ್ಟಿಗೆ ದುಡಿಸಬೇಕೆಂಬುದು ಮಾಮಾನ ಹಟ. ಅವನ ಸಂಘದವರೇ ಅದಕ್ಕೆ ನಗುತ್ತಿದ್ದರು.

ಮೊದಲ ಸಭೆ ಸಿಂದಗಿ ಬಸ್ ನಿಲ್ದಾಣದ ಎದುರಿನ ಪಂಪ್‌ಸೆಟ್ ಅಂಗಡಿಯ ಅಟ್ಟದ ಮೇಲೆ. ಇಂಜಿನಿಯರರು ಬಂದವರೇ ಕುರ್ಚಿ ಹಿಡಿದರು. ಬಾವಿಯವರ ಹಿರಿಯ ಮೌಲಾಸಾಬ ಅಜ್ಜ ಮಾತ್ರ ಕೊಟ್ಟ ಕುರ್ಚಿಯನ್ನು ಬಿಟ್ಟು ನೆಲದ ಮೇಲೆ ಕುಳಿತ. ಮಾಮಾ ಎಷ್ಟು ಕರೆದರೂ ಏಳಲಿಲ್ಲ.

“ನೀರು ಕೆಳಗ ಇರ್ತೈತ್ರಿ ಸಾಹೇಬ್ರ. ಅದಕ್ಕ ನಾವೂ ಕೆಳಗ ಕುಂತೇವಿ.”

ಮಾಮಾನೂ ಕುರ್ಚಿ ಬಿಟ್ಟು ಕೆಳಗಿಳಿದ. ಆಮೇಲೆ ಉಳಿದವರಿಗೆ ಇಳಿಯದೆ ಗತಿಯಿರಲಿಲ್ಲ.

ಅಂದು ಒಂದು ಕರಾರಾಯಿತು. ಯಂಕಂಚಿಯವರು ಕುಡಿಯುವ ನೀರಿನ ಬಾವಿಗೆಂದು ಒಂದು ಹೊಲ ಬಿಟ್ಟುಕೊಟ್ಟಿದ್ದರು. ಅಲ್ಲಿ ಮಾಮಾ ತನ್ನ ಯಂತ್ರದಿಂದ ನೆಲಕ್ಕೆ ಕರೆಂಟು ಬಿಟ್ಟು ಅಳೆದು ಒಂದು ಜಾಗ ಗುರುತಿಸಬೇಕು. ಮೌಲಾಸಾಬ ಅಜ್ಜ ಕಣ್ಣಿನಿಂದಲೇ ನೋಡಿ ಇನ್ನೊಂದು. ಇಬ್ಬರೂ ಬೇರೆ ಬೇರೆ ದಿನ ಬಂದು, ಕಬ್ಬಿಣದ ಗೂಟವನ್ನು ನೆಲದ ಮಟ್ಟಕ್ಕೆ ಹೊಡೆದು ಮಣ್ಣು ಮುಚ್ಚಿ ಹೋಗಬೇಕು. ಎರಡು ಗೂಟ ಒಂದೇ ಕಡೆ ಬಂದರೆ ಅಂದಿನಿಂದಲೇ ಜೊತೆಗೂಡಿ ಕೆಲಸ. ಬೇರೆ ಬೇರೆಯಾದರೆ ಎರಡೂ ಕಡೆ ತೋಡುವುದು. ಯಾರ ಜಾಗದಲ್ಲಿ ನೀರು ಬಿತ್ತೋ ಅವರು ನೋಡುವ ರೀತಿಯನ್ನು ಕೂಲಂಕಷವಾಗಿ ಬರೆದಿಟ್ಟು ಉಳಿದವರಿಗೆ ಕಲಿಸುವುದು.

ಎರಡೂ ದಿನ ಹೊಲದಲ್ಲಿದ್ದು ಗೂಟ ಎಲ್ಲಿದೆ ಎಂಬ ಅಳತೆ ಬರೆದುಕೊಳ್ಳಲು ನಂಬಿಗಸ್ತರೊಬ್ಬರು ಬೇಕಿತ್ತು. ನನ್ನ ಹೆಸರು ಹೇಳಿದವನು ಮಾಮಾ ಅಲ್ಲ, ಅಜ್ಜ. ಇವಳು ಇಂಜಿನಿಯರ್ ಸಾಹೇಬರ ಸೋದರಸೊಸೆಯಲ್ಲವೇ ಎಂದು ಯಾರೋ ಗೊಣಗಿದರು. ಅದಕ್ಕೂ ಉತ್ತರ ಕೊಟ್ಟವನು ಅಜ್ಜನೇ.

“ಆಗ್ಲಿ ಬಿಡ್ರಿ. ಇಷ್ಟ ಓದಿದ ಹುಡುಗಿ ಸುಳ್ಳು ಬರಿಯಂಗಿಲ್ಲ.”

ಮಾಮಾ ಗೂಟ ಹೊಡೆದದ್ದು ಮೂಡಣ ಬದುವಿನ ಹತ್ತಿರ. ಮರುದಿನ ಅಜ್ಜ ಬಂದ. ಹುತ್ತದ ಮಣ್ಣು ತಿಕ್ಕಿ ಮೂಸಿದ, ಎಲ್ಲಿ ಕರಿಕೆ ಹುಲ್ಲು ಇನ್ನೂ ಹಸಿರಾಗಿದೆ ಎಂದು ನೋಡಿದ, ಪಕ್ಕದ ಹಾಳುಬಾವಿಯೊಳಗೆ ಇಳಿದು ಕರಿಕಲ್ಲಿನ ಬಿರುಕು ಯಾವ ಕಡೆ ಹೋಗಿದೆ ಎಂದು ಅಂಗೈ ಆಡಿಸಿ ಬಂದ. ನಡುನಡುವೆ ಏನೇನೋ ಹೇಳುತ್ತಿದ್ದ — ನಾನು ಬರೆದುಕೊಳ್ಳಲಿಲ್ಲ. ಹೇಗೂ ಗೆದ್ದ ಮೇಲೆ ಬರೆಯುವುದಿದೆಯಲ್ಲ ಎಂದುಕೊಂಡೆ. ಅವನು ಗೂಟ ಹೊಡೆದದ್ದು ಪಡುವಣ ಮೂಲೆಯಲ್ಲಿ. ನಡುವೆ ಇಡೀ ಹೊಲ.

ಎಲ್ಲರ ಮುಂದೆ ಮಣ್ಣು ಸರಿಸಿ ಗೂಟ ನೋಡುವ ಹಿಂದಿನ ದಿನ, ನಡು ಮಧ್ಯಾಹ್ನ, ಬಸ್ಸು ಹತ್ತಿ ಒಬ್ಬಳೇ ಹೋದೆ. ಮೂರು ಸಂಘಗಳ ಒಗ್ಗಟ್ಟು ಮುರಿಯಬಾರದೆಂದು ಹೋದೆ — ಹೀಗೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವೆಂದರೆ, ಮಾಮಾ ನಾಲ್ಕು ಜನರ ಮುಂದೆ ಸೋಲುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಸೋಲುವುದು ಅವನೇ ಎಂದು ಹೇಗೆ ಗೊತ್ತಿತ್ತು? ಗೊತ್ತಿರಲಿಲ್ಲ. ವಿಜ್ಞಾನ ಓದಿದ ನಾನು, ಯಂತ್ರವನ್ನು ಬಿಟ್ಟು ಆ ಮುದುಕನ ಅಂಗೈಯನ್ನು ನಂಬಿದ್ದೆ. ಇದು ಇನ್ನೊಂದು ಗುಟ್ಟು...

ಮಾಮಾನ ಗೂಟ ಕಿತ್ತು ಅಜ್ಜನ ಗೂಟದಿಂದ ಒಂದು ಮೊಳ ದೂರಕ್ಕೆ ಹೊಡೆದೆ. ಪಕ್ಕಕ್ಕೇ ಹೊಡೆದರೆ ಅನುಮಾನ ಬಂದೀತು — ಅಷ್ಟು ಬುದ್ಧಿ ಓಡಿತ್ತು! ಮಣ್ಣು ಮುಚ್ಚುವಾಗ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬಂದು ಏನು ಹುಡುಕುತ್ತೀ ಎಂದಳು. ಕಿವಿಯ ಓಲೆ ಬಿದ್ದಿದೆ ಎಂದುಬಿಟ್ಟೆ. ಪುಣ್ಯಾತ್ಗಿತ್ತಿ ಬುಟ್ಟಿ ಇಳಿಸಿ, ಸೆರಗು ಸಿಕ್ಕಿಸಿ, ನನ್ನ ಜೊತೆ ಅರ್ಧ ಗಂಟೆ ಹೆಂಟೆ ಒಡೆದು ಹುಡುಕಿದಳು. ಕೊನೆಗೆ ಬೆವರು ಒರೆಸಿಕೊಂಡು ನನ್ನ ಮುಖ ನೋಡಿದಳು.

“ಯವ್ವಾ, ಎರಡೂ ಕಿವ್ಯಾಗ ಓಲಿ ಅದಾವಲ್ಲ?”

ಅವಳು ನಕ್ಕ ನಗು ನನ್ನನ್ನು ಬಸ್ಸಿನ ತನಕ ಅಟ್ಟಿಸಿಕೊಂಡು ಬಂತು. ಊರು ತಲುಪುವುದರೊಳಗೆ ಪುಸ್ತಕದ ಅಳತೆಯನ್ನೂ ತಿದ್ದಿದ್ದೆ.

ಮರುದಿನ ನಾಲ್ಕೂ ತಾಲ್ಲೂಕುಗಳಿಂದ ಜನ ಬಂದರು. ನಾನು ಅಳತೆ ಓದಿದೆ. ಅದರಂತೆ ಹೆಜ್ಜೆ ಹಾಕಿ ಮಣ್ಣು ಸರಿಸಿದರು. ಮೊಳದ ಅಂತರದಲ್ಲಿ ಎರಡು ಗೂಟ! ಆಮೇಲೆ ಎದ್ದ ಗದ್ದಲ — ಮುದ್ದೇಬಿಹಾಳದ ಪಂಪಿನವನೊಬ್ಬ ಇಂಜಿನಿಯರನನ್ನು ಎತ್ತಿ ಕುಣಿಸಿದ್ದು ಇಂದಿಗೂ ಕಣ್ಣ ಮುಂದಿದೆ.

ಅಜ್ಜ ಎರಡೂ ಗೂಟಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತ.

“ಸಾಹೇಬ್ರ, ನಿಮ್ಮ ಮಿಷನ್ನಿಗೂ ಕಣ್ಣು ಅದಾವ ಬಿಡ್ರಿ.”

ಮಾಮಾ ಬಹಳ ಹೊತ್ತು ಮೂಡಣ ಬದುವಿನ ಕಡೆಗೇ ನೋಡುತ್ತಿದ್ದ. ಆಮೇಲೆ ಅಜ್ಜನ ಕೈ ಹಿಡಿದು ಎಬ್ಬಿಸಿದ.

“ಕಣ್ಣು ನಿಮ್ಮವ ಅಜ್ಜಾ. ನಾವು ಸುಮ್ಮ ಹಿಂದ ಬಂದೇವಿ.”

ಎಲ್ಲರೂ ಅದನ್ನು ದೊಡ್ಡತನ ಎಂದರು.

ಬಾವಿಯಲ್ಲಿ ನೀರು ಬಿತ್ತು, ಬೇಸಿಗೆಗೂ ಬತ್ತಲಿಲ್ಲ. ಮೂರು ಸಂಘಗಳು ಹಲವು ವರ್ಷ ಜೊತೆಗೆ ದುಡಿದವು. ಮೋರಟಗಿಯಲ್ಲಿ ಒಮ್ಮೆ ಪಂಪಿನವನು ಊರಲ್ಲಿ ಇಲ್ಲದಾಗ ಇಂಜಿನಿಯರ್ ಒಬ್ಬ ತೋಳೇರಿಸಿ ಮೋಟಾರು ಬಿಚ್ಚಿದ್ದ. ಮತ್ತೆ ಜೋಡಿಸಲು ಬಾರದೆ ಎಲ್ಲರೂ ನಕ್ಕು ನಕ್ಕು ಸುಸ್ತಾದದ್ದೂ ಉಂಟು. ಅವು ಒಳ್ಳೆಯ ದಿನಗಳು. ಅದನ್ನು ಅಲ್ಲಗಳೆದರೆ ಇನ್ನೊಂದು ಸುಳ್ಳಾಗುತ್ತದೆ.

ಆದರೆ ಇಬ್ಬರೂ ಹೇಳಿದ್ದು ಒಂದೇ ಜಾಗ ಎಂದಾದ ಮೇಲೆ ಮೌಲಾಸಾಬ ಅಜ್ಜನ ರೀತಿಯನ್ನು ಬರೆದಿಡುವ ಮಾತೇ ಏಳಲಿಲ್ಲ. ಯಂತ್ರವೂ ಅದನ್ನೇ ಹೇಳುತ್ತದಲ್ಲ, ಮತ್ತೆ ಯಾಕೆ? — ಎಂದರು. ನಾನೂ ತಲೆಯಾಡಿಸಿದೆ. ಬರೆಯಬೇಕಾದವಳು ನಾನೇ ಆಗಿದ್ದೆ. ಕೆಲವು ವರ್ಷಗಳ ಮೇಲೆ ಅಜ್ಜ ತೀರಿಕೊಂಡ. ಹುತ್ತದ ಮಣ್ಣಿನಲ್ಲಿ ಅವನು ಏನು ಮೂಸಿದ, ಯಾವ ಬಿರುಕನ್ನು ಬಿಟ್ಟು ಯಾವುದನ್ನು ಹಿಡಿದ — ಅವನು ನನ್ನ ಎದುರಿಗೇ ಹೇಳಿದ್ದರಲ್ಲಿ ಒಂದು ವಾಕ್ಯವೂ ಈಗ ನನ್ನಲ್ಲಿಲ್ಲ. ನನ್ನ ಬರಹವನ್ನು ನಂಬಿದ ಮನುಷ್ಯನ ವಿದ್ಯೆ ನನ್ನ ಬರಹದಿಂದಲೇ ಅಳಿಯಿತು.

ಹೋದ ತಿಂಗಳು ಇಂಡಿಗೆ ಹೋಗಿದ್ದೆ. ಮಾಮಾನಿಗೆ ಈಗ ಎಂಬತ್ತು ದಾಟಿದೆ. ನೆನಪು ನನ್ನದಕ್ಕಿಂತ ಚುರುಕು. ಗೂಟ ಕಿತ್ತದ್ದು, ಓಲೆ ಹುಡುಕಿದ್ದು, ಎಲ್ಲ ಹೇಳಿದೆ. ಓಲೆಯ ಮಾತಿಗೆ ಕೆಮ್ಮು ಬರುವಷ್ಟು ನಕ್ಕ. ನಗು ನಿಂತ ಮೇಲೆ ಒಂದು ಪ್ರಶ್ನೆ ಕೇಳಿದೆ. ಅವನು ಅಂಗಳದ ಕಡೆ ನೋಡಿದ, ಊಟಕ್ಕೆ ಏಳು ಎಂದ. ಆಮೇಲೆ ಪತ್ರದಲ್ಲೂ ಅದನ್ನೇ ಬರೆದೆ. ಬಂದ ಉತ್ತರದಲ್ಲಿ ಎಲ್ಲರ ಕ್ಷೇಮ ಸಮಾಚಾರವಿತ್ತು, ಅದೊಂದು ಬಿಟ್ಟು. ನಾನು ಕೇಳಿದ್ದು ಇಷ್ಟೇ:

“ಮಾಮಾ, ಅದು ನೀ ಹೊಡೆದ ಜಾಗ ಅಲ್ಲ ಅಂತ ನಿನಗ ಅವತ್ತ ಗೊತ್ತಾಗಿತ್ತಲ್ಲ — ಮತ್ತ ಯಾಕ ಸುಮ್ಮನಿದ್ದಿ?”