ಬೊಂಬೆ ಮೆಟ್ಟಿಲ ಮೇಲೆ ಚೂಡಕ್ಕನ ಲಾರಿ

ನಮ್ಮ ಚೂಡಕ್ಕನನ್ನು ಯಾರಾದರೂ 'ಪಾಪ' ಎಂದರೆ ನನಗೆ ಮೈ ಉರಿಯುತ್ತದೆ. ಪಾಪವಂತೆ ಪಾಪ! ಊಟದ ಮೇಜಿನ ಮೇಲೆ ಹತ್ತು ಚಕ್ರದ ಲಾರಿ ಕಟ್ಟುವವಳು ಯಾವ ಸೀಮೆಯ ಪಾಪ? ಗಂಡ ತೀರಿಕೊಂಡವರಿಗೆಲ್ಲ ಈ ಊರಿನಲ್ಲಿ ಆ ಮಾತನ್ನು ಕಾಫಿಯ ಜೊತೆಗೆ ಬಿಟ್ಟಿಯಾಗಿ ಕೊಡುತ್ತಾರೆ. ಚೂಡಕ್ಕ ಕಾಫಿ ಕುಡಿದು ಮಾತನ್ನು ಅಲ್ಲೇ ಬಿಟ್ಟು ಬರುತ್ತಾಳೆ.

ಚೂಡಾಮಣಿ ನನ್ನ ಓರಗಿತ್ತಿ. ನನ್ನ ಗಂಡ ವಾಗೀಶರ ಅಣ್ಣ ಲಕ್ಷ್ಮೀನರಸಿಂಹ ಅವರ ಹೆಂಡತಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ 'ನೀವು, ತಾವು' ಎನ್ನುತ್ತಿದ್ದೆ. ಒಂದು ದಿನ ಗದರಿಬಿಟ್ಟಳು: "ಸುಮಾ, ನನ್ನನ್ನೇನು ಬ್ಯಾಂಕ್ ಮ್ಯಾನೇಜರ್ ಅಂದ್ಕೊಂಡ್ಯಾ? ನೀನು ಅನ್ನು ಸಾಕು." ಅಂದಿನಿಂದ ನನಗೆ ಅವಳು ಚೂಡಕ್ಕ. ಕುವೆಂಪುನಗರದಲ್ಲಿ ಅವಳ ಮನೆಗೂ ನಮ್ಮ ಮನೆಗೂ ಸ್ಕೂಟರಿನ ಇಂಜಿನ್ ಬಿಸಿಯಾಗುವಷ್ಟು ದೂರವೂ ಇಲ್ಲ.

ಅವಳು ಐಟಿಐನಲ್ಲಿ ನಕ್ಷೆ ಬರೆಯುವುದನ್ನು ಕಲಿತು, ಮೇಟಗಳ್ಳಿಯ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ನರಸಿಂಹ ಭಾವ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರು. ಗೆರೆ ಒಂದು ಕೂದಲಿನಷ್ಟು ಆಚೆ ಹೋದರೂ ಅವಳಿಗೆ ನಿದ್ದೆ ಬರುವುದಿಲ್ಲ; ಭಾವನಿಗೆ ಮನೆಯ ಬಾಗಿಲು ಹಾಕಿದೆನೋ ಇಲ್ಲವೋ ಎಂಬುದೂ ನೆನಪಿರುತ್ತಿರಲಿಲ್ಲ. ಆದರೂ ಆ ಇಬ್ಬರಂತೆ ನಗುತ್ತಾ ಬಾಳಿದವರನ್ನು ನಾನು ಕಂಡಿಲ್ಲ. ಮಕ್ಕಳಾಗಲಿಲ್ಲ. ಅದಕ್ಕಾಗಿ ಅವರು ಅತ್ತದ್ದು ಸ್ವಲ್ಪ, ಮಿಕ್ಕವರೆಲ್ಲ ಅತ್ತದ್ದು ಬಹಳ.

ಅವರಿಗೊಂದು ಹಳೆಯ ಕೆನೆಬಣ್ಣದ ಫಿಯಟ್ ಇತ್ತು. ಓಡಿಸುತ್ತಿದ್ದವಳು ಚೂಡಕ್ಕ. ಭಾವ ಒಂದೇ ದಿನ ಕಲಿಯಲು ಹೋಗಿ, "ಕೆಳಗೆ ಮೂರು ಪೆಡಲ್ ಇದೆ, ನನಗಿರೋದು ಎರಡೇ ಕಾಲು ಕಣಮ್ಮ," ಎಂದು ಕೈ ಮುಗಿದು ಇಳಿದವರು ಮತ್ತೆ ಆ ಸೀಟಿಗೆ ಹತ್ತಲಿಲ್ಲ. ಬಿಸಿಲೋ ಮಳೆಯೋ, ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿಯ ಎಡಕ್ಕೆ ಕೂತು ಶ್ಲೋಕ ಹೇಳಿಕೊಳ್ಳುತ್ತಿದ್ದರು. ಹಿಂದಿನ ಸೀಟು ಭಾವನ ಅಕ್ಕ ರುಕ್ಮಾಂಬ ಅವರದು. "ಗಂಡಸನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೆಂಗಸು ಕಾರು ಓಡಿಸೋದು ನಮ್ಮ ಮನೆತನದಲ್ಲಿಲ್ಲ," ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಗುರುತಿನವರು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದರು. ಸವಾರಿಯನ್ನು ಮಾತ್ರ ಬಿಟ್ಟವರಲ್ಲ.

ಲಾರಿಯ ಹುಚ್ಚು ಹತ್ತಿಸಿದ್ದೂ ಭಾವನೇ. ಎಲ್ಲೋ ಅಂಗಡಿಯಲ್ಲಿ ಕಂಡ ಒಂದು ಕಿಟ್ ತಂದುಕೊಟ್ಟರು: ಡಬ್ಬಿಯ ಮೇಲೆ ಪರದೇಶದ ಟ್ರಕ್ಕಿನ ಚಿತ್ರ, ಒಳಗೆ ನೂರಾರು ಪ್ಲಾಸ್ಟಿಕ್ ಚೂರುಗಳು. ನಿಜವಾದ ಲಾರಿಯ ಇಪ್ಪತ್ನಾಲ್ಕು ಅಂಗುಲ ಇದರಲ್ಲಿ ಒಂದಂಗುಲ. ಚೂಡಕ್ಕ ಚಿಮಟ ಹಿಡಿದು ಕೂತಳು. ಉಪ್ಪುಕಾಗದದಲ್ಲಿ ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಮುಗಿಸಿದಳು. ಮುಗಿಸಿ ಮೂಗು ಮುರಿದಳು. "ಇದು ನಮ್ಮ ರಸ್ತೇಲಿ ಓಡೋ ಲಾರಿಯಲ್ಲ ಕಣ್ರೀ. ಇದರ ಮುಖ ನೋಡಿದ್ರೆ ಯಾರೋ ಗುರುತಿಲ್ಲದವರ ಥರ ಇದೆ."

ಮುಗಿಯಿತಲ್ಲ ಕಥೆ! ಎರಡನೆಯ ಕಿಟ್ಟಿನಲ್ಲಿ ಅವಳು ಇಟ್ಟುಕೊಂಡದ್ದು ಚಕ್ರ ಮತ್ತು ಅಡಿಯ ಚೌಕಟ್ಟು ಮಾತ್ರ. ಅದರ ಮೇಲೆ ನಮ್ಮ ಊರಿನ ಮರದ ಬಾಡಿಯ ಲಾರಿ ಎದ್ದಿತು. ಅಳತೆ ತೆಗೆಯಲು ಗಂಡ ಹೆಂಡತಿ ಲಾರಿ ಸ್ಟ್ಯಾಂಡಿಗೇ ಹೋದರು. ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಭಾವನ ಕೈಯಲ್ಲಿ, ಕಂಕುಳಲ್ಲಿ ಕೊಡೆ. ಆರ್‌ಟಿಓದವರು ಬಂದರೆಂದು ಡ್ರೈವರುಗಳು ಗಾಡಿ ಬಿಟ್ಟು ಟೀ ಅಂಗಡಿಯ ಹಿಂದೆ ಅಡಗಿದ್ದರಂತೆ. ವಿಷಯ ತಿಳಿದ ಮೇಲೆ ಅವರೇ ಕರೆಕರೆದು ತೋರಿಸಿದರು. ಆ ಪುಟ್ಟ ಲಾರಿಗೆ ದಾರದಷ್ಟು ಸಪೂರ ಹಗ್ಗ, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಮಡ್‌ಗಾರ್ಡಿನ ಒಳಗೆ ಒಣಗಿದ ಕೆಸರು, ಎಲ್ಲವೂ ಇತ್ತು. ಹೊಳೆಯುವಂತೆ ಬಣ್ಣ ಹಚ್ಚಬಾರದಿತ್ತೇ ಎಂದು ನಾನು ಕೇಳಿದೆ. "ದುಡಿಯೋ ಲಾರಿ ಕಣೇ ಅದು. ಮದುವೆ ಹೆಣ್ಣಲ್ಲ," ಎಂದಳು.

ಆ ವರ್ಷದ ದಸರೆಯಲ್ಲಿ ಲಾರಿ ಬೊಂಬೆ ಮೆಟ್ಟಿಲು ಹತ್ತಿತು. ಮೇಲಿನ ಮೆಟ್ಟಿಲಿನಲ್ಲಿ ಅವಳ ಪಟ್ಟದ ಬೊಂಬೆಗಳು, ಮದುವೆಯಲ್ಲಿ ತಾಯಿ ಕೊಟ್ಟ ಮರದ ರಾಜ ರಾಣಿ. ಕೆಳಗೆ ಶೆಟ್ಟಿ ಶೆಟ್ಟಮ್ಮರ ದಿನಸಿ ಅಂಗಡಿ. ಅಂಗಡಿಗೆ ಅಕ್ಕಿ ಇಳಿಸುತ್ತಿರುವಂತೆ ಲಾರಿ ನಿಲ್ಲಿಸಿದಳು. ನಿಲ್ಲಿಸಿ ಸ್ಕೇಲು ಹಿಡಿದಳು. "ಅಯ್ಯಯ್ಯೋ ಸುಮಾ, ಈ ಲೆಕ್ಕದಲ್ಲಿ ಶೆಟ್ಟಿ ಹದಿನಾರು ಅಡಿ ಎತ್ತರ ಆದ ಕಣೇ! ಲಾರೀನ ಎತ್ಕೊಂಡು ಜೇಬಿಗೆ ಹಾಕ್ಕೋತಾನೆ!" ಮುಂದಿನ ದಸರೆಗೆ ಹೆಬ್ಬೆರಳುದ್ದದ ಹೊಸ ಶೆಟ್ಟಿ ದಂಪತಿ ತಯಾರಾದರು. ಮಣ್ಣಿನ ಶೆಟ್ಟಿಗೆ ಅಟ್ಟವೇ ಗತಿಯಾಯಿತು. ಹಾಗಾದರೆ ಪಟ್ಟದ ಬೊಂಬೆಗಳ ಅಳತೆ ಏನು ಎಂದು ಭಾವ ಕೆಣಕಿದರು. "ಅವು ನನ್ನಮ್ಮ ಕೊಟ್ಟಿದ್ದು. ಅವಕ್ಕೆ ಅಳತೆ ಇಲ್ಲ," ಎಂದುಬಿಟ್ಟಳು.

ರುಕ್ಮಕ್ಕನಿಗೆ ಇದು ಹಿಡಿಸಲಿಲ್ಲ. "ಮಕ್ಕಳಿಲ್ಲದ ಮನೇಲಿ ಆಟದ ಸಾಮಾನು," ಎಂದು ಬಂದವರೆದುರಿಗೇ ಅಂದರು. ಭಾವ ಜೋರು ದನಿಯವರಲ್ಲ, ಅವತ್ತು ಮಾತ್ರ, "ಅಕ್ಕಾ, ಆಡೋದು ನಾವು. ನಿಂಗ್ಯಾಕೆ ಸುಸ್ತು?" ಎಂದರು. ನಾನು ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಅಂಥ ಭಾವ ಒಂದು ಬೆಳಿಗ್ಗೆ ಸ್ನಾನಕ್ಕೆ ನೀರು ತೋಡಿಟ್ಟು ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ.

ಆ ವರ್ಷ ಹಬ್ಬವಿರಲಿಲ್ಲ. ಚೂಡಕ್ಕ ಹಣೆಗೆ ಕಪ್ಪು ಸ್ಟಿಕರ್ ಇಟ್ಟುಕೊಂಡಳು. ಕುಂಕುಮ ಬೇಡ, ಅಷ್ಟು ಸಾಕು ಎಂದು ರುಕ್ಮಕ್ಕ ಕಟ್ಟಪ್ಪಣೆ ಮಾಡಿದ್ದರು. ಅವಳಿಗೂ ಆಗ ಜಗಳವಾಡುವ ತ್ರಾಣವಿರಲಿಲ್ಲ. ಚಿಮಟ, ಚಾಕು, ಬಣ್ಣದ ಶೀಸೆಗಳ ಮೇಲೆ ಬಟ್ಟೆ ಹೊದಿಸಿಟ್ಟಳು. ನನಗೆ ಆ ಬಟ್ಟೆ ಕಂಡರೇ ಸಂಕಟವಾಗುತ್ತಿತ್ತು. ವರ್ಷದ ಕಾರ್ಯ ಮುಗಿದ ಮರುವಾರ ಹೋದರೆ ಬಟ್ಟೆ ಇರಲಿಲ್ಲ. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿದ ಚೂರು, ಉಜ್ಜಿದ ಪುಡಿ. "ಏನು ಕಟ್ತಿದ್ದೀಯಾ?" ಎಂದೆ. "ಕಿಟ್ ಸಿಗದ್ದು," ಎಂದಳು. ಅಷ್ಟೇ.

ಮಹಾಲಯ ಅಮಾವಾಸ್ಯೆಯ ದಿನ ರುಕ್ಮಕ್ಕ ಬೋಗಾದಿಯಿಂದ ಆಟೋದಲ್ಲಿ ಚೂಡಕ್ಕನ ಮನೆಗೆ ಬಂದಿಳಿದರು. ಕೈಯಲ್ಲಿ ದೊಡ್ಡದೊಂದು ಬಟ್ಟೆಯ ಚೀಲ. ನನ್ನನ್ನೂ ವಾಗೀಶರನ್ನೂ ಮೊದಲೇ ಅಲ್ಲಿಗೆ ಕರೆಸಿದ್ದರು.

"ನೋಡೇ ಚೂಡಾ," ಎಂದು ಶುರುಮಾಡಿದರು. "ವರ್ಷ ಕಳೀತು. ಇನ್ಮೇಲೆ ಪಟ್ಟದ ಬೊಂಬೆ ಸುಮಾ ಮನೇಲಿ ಕೂರಲಿ. ಮುತ್ತೈದೆ ಕೈಯಲ್ಲಿ ಆರತಿ ಆಗ್ಬೇಕು. ನೀನು ಹೋಗಿ ನೋಡ್ಕೊಂಡು ಬಾ, ಯಾರು ಬೇಡಾಂತಾರೆ?"

ರಾಜ ರಾಣಿಯ ಜೋಡಿ ಹೋದರೆ ಮೆಟ್ಟಿಲೇ ಹೋದಂತೆ. ಪಟ್ಟದ ಬೊಂಬೆ ಕೂರದೆ ಮಿಕ್ಕ ಯಾವ ಬೊಂಬೆಯೂ ಕೂರುವಂತಿಲ್ಲ, ಆರತಿಯಿಲ್ಲ, ಬೊಂಬೆ ನೋಡಲು ಬರುವ ಮಕ್ಕಳಿಲ್ಲ. ಲಾರಿಗಳು ಡಬ್ಬಿಯಲ್ಲಿ, ಚೂಡಕ್ಕ ಇನ್ನೊಬ್ಬರ ಮನೆಯ ಗೋಡೆಗೊರಗಿ ನಿಲ್ಲುವ ಅತಿಥಿ. ಸಾಯುವವರೆಗೂ. ನನ್ನ ಸಿಟ್ಟು ನೆತ್ತಿಗೇರಿತು.

"ನನ್ನ ತವರಿನ ಜೋಡಿ ನನಗಿದೆ ರುಕ್ಮಕ್ಕ," ಎಂದೆ. "ಒಂದು ಮನೆಗೆ ಎಷ್ಟು ಜನ ರಾಜರು?"

ವಾಗೀಶರು ಗಂಟಲು ಸರಿಮಾಡಿಕೊಂಡು, "ಎರಡೂ ಕಡೆ ಯೋಚನೆ ಮಾಡ್ಬೇಕಾಗುತ್ತೆ," ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ನಮ್ಮವರದು. ನಾನು ನೋಡಿದ ನೋಟಕ್ಕೆ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಚೂಡಕ್ಕ ಕೈಗೆ ಅಂಟಿದ್ದ ಪುಡಿಯನ್ನು ನಿಧಾನವಾಗಿ ಒರೆಸಿಕೊಂಡಳು. "ರುಕ್ಮಕ್ಕ, ಈ ಜೋಡಿ ನನ್ನಮ್ಮ ಕೊಟ್ಟಿದ್ದು. ಇವರು ಕೊಟ್ಟಿದ್ದಲ್ಲ. ಇವರು ಹೋದ್ರು ಅಂದ್ರೆ ಅದು ಹೇಗೆ ಹೋಗುತ್ತೆ?"

"ನನ್ನದು ಹೋಗ್ಲಿಲ್ವೇನೇ?" ಎಂದು ರುಕ್ಮಕ್ಕ ಸಿಡಿದರು. ಅದು ನಿಜ. ಅವರ ಯಜಮಾನರು ಹೋದಾಗ ಅವರಿಗಿನ್ನೂ ಎಳೆ ವಯಸ್ಸು. ಅವರತ್ತೆ ಜೋಡಿಯನ್ನು ಎತ್ತಿ ಇನ್ನೊಬ್ಬ ಸೊಸೆಗೆ ಕೊಟ್ಟಿದ್ದರು. "ನಾನು ಸುಮ್ನಿರಲಿಲ್ವಾ? ನಿಂಗೇನು ಕೋಡು ಬಂದಿದ್ಯಾ?"

"ನೀವು ಸುಮ್ನಿದ್ರಿ. ನಾನಿರಲ್ಲ."

"ಹಾಗಾದ್ರೆ ನಿನ್ನ ಮನೆ ಆರತಿಗೆ ನಮ್ಮ ಕಡೆಯವರು ಒಬ್ಬರೂ ಬರಲ್ಲ. ನೆನಪಿಟ್ಕೋ."

"ಬರೋರು ಬರ್ತಾರೆ. ಕಾಫಿ ಕುಡೀತೀರಾ?"

ರುಕ್ಮಕ್ಕ ಖಾಲಿ ಚೀಲ ಮಡಚಿಕೊಂಡು ಹೊರಟರು.

ಪಾಡ್ಯದ ದಿನ ಚೂಡಕ್ಕ ತಾನೇ ಕಲಶವಿಟ್ಟು ರಾಜ ರಾಣಿಯನ್ನು ಕೂರಿಸಿದಳು. ನೆಂಟರ ಮನೆಗಳಿಗೆಲ್ಲ ರುಕ್ಮಕ್ಕನ ಫೋನು ಮೊದಲೇ ಹೋಗಿತ್ತು. ಸಂಜೆ ಬಂದವಳು ನಾನೊಬ್ಬಳೇ. ದೊಡ್ಡ ಪಾತ್ರೆಯಲ್ಲಿ ಕಡಲೆಕಾಳಿನ ಉಸಲಿ ಹಾಗೇ ಉಳಿದಿತ್ತು. ಅವಳು ಬಾಗಿಲನ್ನೇ ನೋಡುತ್ತ ಕೂತಿದ್ದಳು. "ನೋವಾಗುತ್ತೆ ಕಣೇ ಸುಮಾ," ಎಂದಳು. "ತುಂಬಾ ನೋವಾಗುತ್ತೆ. ಆದ್ರೆ ತೆಗೆಯಲ್ಲ." ನಾವಿಬ್ಬರೇ ಆರತಿ ಎತ್ತಿ, ನಾವಿಬ್ಬರೇ ಹಾಡಿದೆವು. ನನ್ನ ದನಿ ನಡುಗಿತು, ಅವಳದು ನಡುಗಲಿಲ್ಲ.

ಮಾರನೆಯ ದಿನ ಬೀದಿಯ ಮಕ್ಕಳು "ಬೊಂಬೆ ಕೂರ್ಸಿದೀರಾ?" ಎಂದು ಇಣುಕಿದರು. ಲಾರಿ ಕಂಡವರು ಸುಮ್ಮನಿರುತ್ತಾರೆಯೇ? ಒಬ್ಬರು ಇನ್ನಿಬ್ಬರನ್ನು ಎಳೆದುತಂದರು. ಮಕ್ಕಳ ಹಿಂದೆ ಅಮ್ಮಂದಿರು ಬಂದರು, ಅಮ್ಮಂದಿರ ಹಿಂದೆ ಅಜ್ಜಿಯರು. ಉಸಲಿ ಸಾಲದೆ ನಾನು ನಮ್ಮ ಮನೆಯಿಂದ ಹೆಸರುಕಾಳು ತಂದೆ. ನಾಲ್ಕನೆಯ ಸಂಜೆಗೆ ನಮ್ಮ ಯಜಮಾನರೂ ತಲೆ ತಗ್ಗಿಸಿಕೊಂಡು ಬಂದು ಚಪ್ಪಲಿ ಸರಿಪಡಿಸುವ ಕೆಲಸಕ್ಕೆ ನಿಂತರು.

ಆಯುಧ ಪೂಜೆಯ ದಿನ ರುಕ್ಮಕ್ಕ ಬಂದರು. ಮನೆ ಬಿಕೋ ಎನ್ನುವುದನ್ನು ಕಣ್ಣಾರೆ ನೋಡಲು ಬಂದರೆಂದೇ ನನ್ನ ಅಂದಾಜು. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಚಪ್ಪಲಿಗಳಿದ್ದವು. ಅವನ್ನು ದಾಟಿಕೊಂಡು ಬಂದು, ಕುರ್ಚಿಯಲ್ಲಿ ಕೂತರು.

ಚೂಡಕ್ಕ ಚಿಮಟ, ಚಾಕು, ಕುಂಚ, ಉಪ್ಪುಕಾಗದ ಎಲ್ಲವನ್ನೂ ಮಣೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಒಂದೊಂದಕ್ಕೂ ಕುಂಕುಮ ಹಚ್ಚಿದಳು. ಲಾರಿಗಳಿಗೆ ಹಚ್ಚಿದಳು. ಆಮೇಲೆ ಮೇಜಿನ ಮೇಲೆ ಕರವಸ್ತ್ರ ಮುಚ್ಚಿಟ್ಟಿದ್ದುದನ್ನು ತಂದು ಪಟ್ಟದ ಬೊಂಬೆಗಳ ಕಾಲಬಳಿ ಇಟ್ಟು ವಸ್ತ್ರ ತೆಗೆದಳು.

ಕೆನೆಬಣ್ಣದ ಫಿಯಟ್. ಎಡಗಡೆಯ ಬಾಗಿಲಿನ ನಗ್ಗು ಕೂಡ ಇತ್ತು. ಅದು ನಮ್ಮ ಗೇಟಿಗೆ ತಾಗಿಯೇ ಆದದ್ದು. ಒಳಗೆ ಸ್ಟೀರಿಂಗ್ ಹಿಡಿದು ಚೂಡಕ್ಕ, ಪಕ್ಕದಲ್ಲಿ ನರಸಿಂಹ ಭಾವ, ತೊಡೆಯ ಮೇಲೆ ಕಡ್ಡಿಯಷ್ಟು ಕೊಡೆ.

ರುಕ್ಮಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ನಮ್ಮ ನರಸಿಂಹ," ಎಂದರು. ಕಣ್ಣೊರೆಸಿಕೊಂಡು ಮತ್ತೆ ನೋಡಿದವರು ನೆಟ್ಟಗಾದರು. "ಆ ಹೆಣ್ಣು ಬೊಂಬೆ ಹಣೇಲಿ ಕುಂಕುಮ ಯಾಕೆ ಇಟ್ಟಿದ್ದೀಯಾ?"

ಅಲ್ಲಿದ್ದ ಹೆಂಗಸರೆಲ್ಲ ಚೂಡಕ್ಕನತ್ತ ತಿರುಗಿದರು.

"ಇತ್ತಲ್ಲ, ಅದಕ್ಕೇ ಇಟ್ಟೆ," ಎಂದಳು ಚೂಡಕ್ಕ. "ಇದ್ದಿದ್ದನ್ನ ಬಿಟ್ಟು ಕಟ್ಟೋಕೆ ನನಗೆ ಬರಲ್ಲ." ಬೆರಳನ್ನು ಕುಂಕುಮಕ್ಕೆ ಅದ್ದಿ ಫಿಯಟ್ಟಿನ ಬಾನೆಟ್ಟಿಗೆ ಹಚ್ಚಿದಳು. ಹಣೆಯ ಕಪ್ಪು ಸ್ಟಿಕರನ್ನು ಕಿತ್ತು ಮಣೆಯ ಅಂಚಿಗೆ ಅಂಟಿಸಿದಳು. ಅದೇ ಬೆರಳಿನಿಂದ ತನ್ನ ಹಣೆಗೆ ಕಾಸಗಲ ಕುಂಕುಮ ಇಟ್ಟುಕೊಂಡಳು. "ಆಯುಧಕ್ಕೆಲ್ಲ ಇಟ್ಟಾಯ್ತು. ಇಷ್ಟು ವರ್ಷ ದುಡಿದ ತಲೆಗೆ ಬೇಡ್ವಾ?"

ನಾನು ಅಲ್ಲಿಯೇ ಶಿಳ್ಳೆ ಹೊಡೆಯಬೇಕೆಂದಿದ್ದೆ. ಬರುವುದಿಲ್ಲವಲ್ಲ ಎಂದು ಸುಮ್ಮನಾದೆ.

ರುಕ್ಮಕ್ಕ ಎದ್ದು ಹೋಗುತ್ತಾರೆ ಎಂದೇ ಎಲ್ಲರೂ ಕಾದೆವು. ಅವರು ಏಳಲಿಲ್ಲ. ಚೂಡಕ್ಕ ಅವರ ಎದುರಿಗೆ ನೆಲದ ಮೇಲೆ ಕೂತಳು. ದನಿ ತಗ್ಗಿಸಿ, "ನಿಮ್ಮ ಪಟ್ಟದ ಬೊಂಬೆ ಈಗ ಎಲ್ಲಿದೆ ರುಕ್ಮಕ್ಕ?" ಎಂದು ಕೇಳಿದಳು.

"ಯಾರಿಗೆ ಗೊತ್ತು? ಗೆದ್ದಲು ಹಿಡೀತೂಂತ ಆಚೆ ಹಾಕಿದ್ರಂತೆ."

"ಮುಂದಿನ ದಸರೆಗೆ ನಿಮ್ಮ ಜೋಡೀನ ನಾನು ಮಾಡ್ತೀನಿ. ನನ್ನ ಅಳತೇಲಿ. ಯಾವ ಗಾಡೀಲಿ ಕೂರಿಸ್ಲಿ, ಹೇಳಿ."

ರುಕ್ಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಫಿಯಟ್ಟನ್ನೇ ನೋಡಿದರು.

"ಅವ್ರದ್ದೊಂದು ಲ್ಯಾಂಬ್ರೆಟಾ ಸ್ಕೂಟರ್ ಇತ್ತು," ಎಂದರು ಕೊನೆಗೆ. "ನೀಲಿ ಬಣ್ಣ."

"ಆಗ್ಲಿ, ಮಾಡ್ತೀನಿ."

ಚೂಡಕ್ಕ ಏಳುತ್ತಿದ್ದಂತೆ ರುಕ್ಮಕ್ಕ ಅವಳ ಕೈ ಹಿಡಿದು ಬಗ್ಗಿಸಿಕೊಂಡರು. ಯಾರಿಗೂ ಕೇಳಿಸಬಾರದೆಂದು ಹೇಳಿದ ಮಾತು ಪಕ್ಕದಲ್ಲೇ ಇದ್ದ ನನಗೆ ಚೆನ್ನಾಗಿ ಕೇಳಿಸಿತು.

"ನನ್ನನ್ನ ಹಿಂದೆ ಕೂರಿಸ್ಬೇಡ ಕಣೇ."